ಮೀನಿನ ಕೆಲಸ ಕಲಿಯಲು ಹೊರಡುವ ಮುನ್ನ ನಮ್ಮೂರ ನೀರನ್ನು ಅಳೆದದ್ದು

ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತನ್ನು ಕೇಳುತ್ತಲೇ ಬೆಳೆದ ತೀರ್ಥಹಳ್ಳಿ ಸೀಮೆಯವರಿಗೆ ತಮ್ಮ ನೀರಿನ ಬಗ್ಗೆ ಹೆಮ್ಮೆ ಇದ್ದೇ ಇರುತ್ತದೆ. ನನಗೂ ಇದೆ. ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಓದಿನ ಭಾಗವಾಗಿ ಈ ಮಳೆಗಾಲದಲ್ಲಿ ನಾನು ಇಂಟರ್ನ್‌ಶಿಪ್‌ಗೆ ಹೋಗಲಿದ್ದೇನೆ. ಮೊದಲರ್ಧ ಗೆಂಡೆ (ಕಾರ್ಪ್) ಮೀನುಗಳ ಮರಿ ಉತ್ಪಾದಿಸುವ ಕೇಂದ್ರವೊಂದರಲ್ಲಿ, ಉಳಿದರ್ಧ ಅಲಂಕಾರಿಕ ಮೀನುಗಳನ್ನು ಬೆಳೆಸಿ ಅಕ್ವೇರಿಯಂ ಅಂಗಡಿಗಳಿಗೆ ಒದಗಿಸುವ ಘಟಕದಲ್ಲಿ. ಇಷ್ಟು ತಿಂಗಳಿಂದ ನಡೆಸಿರುವ ತಯಾರಿಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಮೀನಿನ ವಿಷಯವಲ್ಲ, ನಮ್ಮ ನೀರಿನ ವಿಷಯ. ಕುಡಿಯುವವರ ನಾಲಿಗೆಗೆ ಸಿಹಿಯಾದ ಮಲೆನಾಡಿನ ನೀರು ಮೀನು ಸಾಕುವವರ ಲೆಕ್ಕದಲ್ಲಿ ಬಡ ನೀರು. ಅದರಲ್ಲಿ ಕೊಳಕಿಲ್ಲ, ನಿಜ. ಆದರೆ ತನ್ನನ್ನು ತಾನು ಕಾಯ್ದುಕೊಳ್ಳುವ ಲವಣದ ಬಲವೂ ಇಲ್ಲ.

ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ದೇಶದಲ್ಲೇ ಮೊದಲನೆಯದು. ಅಲ್ಲಿ ಓದುವವರಿಗೆ ಕೊಳದ ಕೆಲಸ, ಮರಿ ಪಾಲನೆ, ಕ್ಷೇತ್ರ ತರಬೇತಿ ಎಲ್ಲವೂ ಪಠ್ಯದೊಳಗೇ ಬರುತ್ತವೆ. ಪ್ರಾಣಿಶಾಸ್ತ್ರ ಓದುವ ನಮ್ಮಂಥವರು ಮೀನಿನ ಅಂಗರಚನೆಯನ್ನು ಚೆನ್ನಾಗಿ ಬಲ್ಲೆವು, ವರ್ಗೀಕರಣವನ್ನೂ ಬಲ್ಲೆವು, ಆದರೆ ಸಾವಿರಾರು ಮರಿಗಳಿರುವ ತೊಟ್ಟಿಯ ಮುಂದೆ ನಿಂತು ಈಗ ಏನು ಮಾಡಬೇಕು ಎಂದು ತೀರ್ಮಾನಿಸುವ ಅಭ್ಯಾಸ ನಮಗಿರುವುದಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದಾಗ ನಮ್ಮ ಮೇಡಂ ಹೇಳಿದ್ದು ಒಂದೇ ಮಾತು: ಮನೆಯ ಕೆರೆಯ ನೀರಿನ ಕ್ಷಾರೀಯತೆಯನ್ನು ಅಳೆದು ತನ್ನಿ. ಕ್ಷಾರೀಯತೆ ಎಂದರೆ ಆಮ್ಲ ಬಿದ್ದರೂ ಅದನ್ನು ತಡೆದುಕೊಳ್ಳುವ ಲವಣದ ಬಲ ನೀರಿನಲ್ಲಿ ಎಷ್ಟಿದೆ ಎಂಬ ಅಳತೆ.

ನಮ್ಮ ಅಡಿಕೆ ತೋಟದ ತಲೆಯಲ್ಲಿ ಒಂದು ಸಣ್ಣ ಕೆರೆಯಿದೆ. ಗುಡ್ಡದಿಂದ ಇಳಿಯುವ ಒರತೆಯ ನೀರು ಅದಕ್ಕೆ ಬರುತ್ತದೆ. ಬಾಟಲಿಯಲ್ಲಿ ತುಂಬಿ ತಂದ ಆ ನೀರಿನಿಂದ 50 ಮಿಲಿಲೀಟರ್ ಅಳೆದು, ಶಂಕುವಿನಾಕಾರದ ಗಾಜಿನ ಪಾತ್ರೆಗೆ ಹಾಕಿ, ಎರಡು ಹನಿ ಮಿಥೈಲ್ ಆರೆಂಜ್ ಬೆರೆಸಿದಾಗ ನೀರು ತಿಳಿ ಹಳದಿಯಾಯಿತು. ಬ್ಯುರೆಟ್‌ನಿಂದ 0.02 ನಾರ್ಮಲ್ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡುತ್ತಾ, ಪಾತ್ರೆಯನ್ನು ಬಿಳಿ ಟೈಲಿನ ಮೇಲೆ ವೃತ್ತಾಕಾರವಾಗಿ ಆಡಿಸುತ್ತಾ ಹೋದೆ. ಇನ್ನೂ ಬಹಳ ಬೇಕಾದೀತೆಂದು ನಾನು ಅಂದುಕೊಂಡಿರುವಾಗಲೇ, ಆಮ್ಲ 1.2 ಮಿಲಿಲೀಟರ್ ಇಳಿಯುವಷ್ಟರಲ್ಲಿ ಹಳದಿ ಬಣ್ಣ ಕೆಂಪು ಬೆರೆತ ಕಿತ್ತಳೆಗೆ ತಿರುಗಿ ಅಲ್ಲೇ ನಿಂತಿತು. ಈ ಅಳತೆಯಲ್ಲಿ ಇಳಿದ ಆಮ್ಲವನ್ನು 20ರಿಂದ ಗುಣಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಕ್ಷಾರೀಯತೆ ಸಿಗುತ್ತದೆ. ಅಂದರೆ ಲೀಟರಿಗೆ 24 ಮಿಲಿಗ್ರಾಂ. ಗೆಂಡೆ ಸಾಕುವ ಕೊಳಕ್ಕೆ ಕನಿಷ್ಠ 50 ಇರಬೇಕು, 100 ದಾಟಿದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ. ಸ್ನೇಹಿತೆಯೊಬ್ಬಳು ಶಿಕಾರಿಪುರದ ಕಡೆಯ ತನ್ನ ಮನೆಯ ಕೊಳವೆಬಾವಿಯಿಂದ ತಂದ ನೀರಿಗೆ ಅದೇ ಪರೀಕ್ಷೆ ಮಾಡಿದಾಗ ಆಮ್ಲ ಇಳಿದೇ ಇಳಿಯಿತು. ಒಂದೇ ಜಿಲ್ಲೆಯ ಎರಡು ಬಾಟಲಿಗಳು ಮೇಜಿನ ಮೇಲೆ ಒಂದೇ ಥರ ತಿಳಿಯಾಗಿ ಕಾಣುತ್ತಿದ್ದವು.

ಇದಕ್ಕೆ ಕಾರಣ ನಮ್ಮ ಮಣ್ಣು ಮತ್ತು ನಮ್ಮ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಸುರಿಯುವ ಮಳೆ ಸಾವಿರಾರು ವರ್ಷಗಳಿಂದ ಜಂಬಿಟ್ಟಿಗೆ ನೆಲದಲ್ಲಿದ್ದ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ ಹೆಚ್ಚಿರುವ, ಹುಳಿ ಗುಣದ ಕೆಂಪು ಮಣ್ಣು. ಅದರ ಮೂಲಕ ಇಳಿದು ಬರುವ ನೀರಿನಲ್ಲಿ ಕ್ಷಾರೀಯತೆ ಕೊಡುವ ಬೈಕಾರ್ಬೊನೇಟ್ ಲವಣ ಕಡಿಮೆ. ಬೈಕಾರ್ಬೊನೇಟ್ ಕಡಿಮೆಯಿರುವ ಕೊಳದಲ್ಲಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರಗಳ ಅಳತೆ, ಹಗಲು ರಾತ್ರಿಗಳ ನಡುವೆ ಜೋಕಾಲಿಯಂತೆ ತೂಗುತ್ತದೆ. ಹಗಲು ಹೊತ್ತು ಸೂಕ್ಷ್ಮ ಸಸ್ಯಗಳು ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಅದು ಮಧ್ಯಾಹ್ನದ ಹೊತ್ತಿಗೆ ಮೇಲೇರುತ್ತದೆ. ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ಅದೇ ಅನಿಲವನ್ನು ಬಿಡುವುದರಿಂದ ಬೆಳಗಿನ ಜಾವಕ್ಕೆ ಕೆಳಗಿಳಿಯುತ್ತದೆ. ಈ ಏರಿಳಿತ ಮೀನಿಗೆ ಎರಡು ರೀತಿಯಲ್ಲಿ ಪೆಟ್ಟು ಕೊಡುತ್ತದೆ. ಒಂದು, ಬದಲಾವಣೆಯೇ ಅದಕ್ಕೆ ಆಯಾಸ. ಇನ್ನೊಂದು, ಮೀನು ಕಿವಿರಿನಿಂದ ಹೊರಬಿಡುವ ಅಮೋನಿಯಾದ ವಿಷ ಪಿಎಚ್‌ನೊಂದಿಗೆ ಹೆಚ್ಚುತ್ತಾ ಹೋಗುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಇರುವಾಗ ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ಶೇಕಡಾ 1ಕ್ಕೂ ಕಡಿಮೆ ಭಾಗ ಮಾತ್ರ ವಿಷಕಾರಿ ರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಅದು ಸುಮಾರು ಶೇಕಡಾ 5, 9ರಲ್ಲಿ ಶೇಕಡಾ 35ರ ಆಸುಪಾಸು. ನೀರಿಗೆ ಹೊಸದಾಗಿ ಏನನ್ನೂ ಸೇರಿಸದಿದ್ದರೂ ಬೆಳಿಗ್ಗೆ ನಿರಪಾಯವಾಗಿದ್ದದ್ದು ಮಧ್ಯಾಹ್ನಕ್ಕೆ ಅಪಾಯವಾಗುವುದು ಹೀಗೆ.

ಹಾಗಾಗಿ ಮಲೆನಾಡಿನಲ್ಲಿ ಮೀನು ಸಾಕುವವರಿಗೆ ಸುಣ್ಣವೇ ಮೊದಲ ಗೊಬ್ಬರ. ಆದರೆ ಸುಣ್ಣಗಳೆಲ್ಲ ಒಂದೇ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಕೃಷಿಹೊಂಡಕ್ಕೆ ಮೀನು ಬಿಡುವ ನಮ್ಮ ಕಡೆಯ ಅನೇಕರು ಕೈಗೆ ಸಿಕ್ಕಿದ ಸುಣ್ಣವನ್ನು ಎರಚುವುದನ್ನು ನೋಡಿದ್ದೇನೆ. ಸುಟ್ಟ ಸುಣ್ಣ ಮತ್ತು ನೀರು ಹಾಕಿ ಅರಳಿಸಿದ ಸುಣ್ಣ ಎರಡೂ ತೀಕ್ಷ್ಣ. ಮೀನಿಲ್ಲದ, ನೀರು ಬತ್ತಿಸಿದ ಹೊಂಡದ ತಳಕ್ಕೆ ಹಾಕಿದರೆ ಅವು ರೋಗಾಣುಗಳನ್ನೂ ಬೇಡದ ಮೀನುಗಳನ್ನೂ ಕೊಂದು ಮಣ್ಣಿನ ಹುಳಿಯನ್ನು ತೆಗೆಯುತ್ತವೆ. ಅದೇ ಸುಣ್ಣವನ್ನು ಮೀನಿರುವ, ಲವಣ ಕಡಿಮೆಯಿರುವ ಮೆದು ನೀರಿಗೆ ಸುರಿದರೆ ಪಿಎಚ್ ಒಮ್ಮೆಲೇ 10ರ ಮೇಲೆ ಹಾರಿ ಮೀನುಗಳೇ ಸತ್ತಾವು. ಮೀನಿರುವಾಗ ಹಾಕಬೇಕಾದದ್ದು ಕಲ್ಲನ್ನು ಸುಡದೆ ಪುಡಿ ಮಾಡಿದ ಕೃಷಿ ಸುಣ್ಣ ಅಥವಾ ಡೋಲೊಮೈಟ್. ಅವು ನಿಧಾನವಾಗಿ ಕರಗುತ್ತವೆ, ಪಿಎಚ್ ಅನ್ನು ಸುಮಾರು 8ರ ಆಚೆಗೆ ಒಯ್ಯುವುದಿಲ್ಲ.

ಕ್ಷಾರೀಯತೆಯ ಈ ಒಂದು ಅಂಕಿ ನಮ್ಮ ಮನೆಯಲ್ಲಿ ದೊಡ್ಡ ಮಾತುಕತೆಗೆ ಕಾರಣವಾಯಿತು. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವುದು ಮಲೆನಾಡಿನ ಪ್ರತಿ ತೋಟದಲ್ಲೂ ನಡೆಯುವ ಕೆಲಸ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅಕ್ವೇರಿಯಂನಲ್ಲಿ ಮೀನಿನ ಮೈಮೇಲಿನ ಪರೋಪಜೀವಿಗಳಿಗೆ ಇದೇ ತಾಮ್ರವನ್ನು ಔಷಧವಾಗಿ ಬಳಸುತ್ತಾರೆ, ಆದರೆ ಅದರ ಪ್ರಮಾಣ ನಿಂತಿರುವುದು ನೀರಿನ ಕ್ಷಾರೀಯತೆಯ ಮೇಲೆ. ಕೊಳಗಳ ವಿಷಯದಲ್ಲಿ ರೂಢಿಯಲ್ಲಿರುವ ನಿಯಮದಂತೆ ಕ್ಷಾರೀಯತೆಯನ್ನು 100ರಿಂದ ಭಾಗಿಸಿದರೆ ಬರುವಷ್ಟೇ ಮಿಲಿಗ್ರಾಂ ಮೈಲುತುತ್ತವನ್ನು ಪ್ರತಿ ಲೀಟರಿಗೆ ಹಾಕಬಹುದು; ಕ್ಷಾರೀಯತೆ 50ಕ್ಕಿಂತ ಕಡಿಮೆಯಿದ್ದರೆ ಹಾಕಲೇಬಾರದು. ಗಡಸು ನೀರಿನಲ್ಲಿ ಕಾರ್ಬೊನೇಟ್ ತಾಮ್ರವನ್ನು ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಕಿವಿರನ್ನು ಕಾಯುತ್ತದೆ. ನಮ್ಮ ಕೆರೆಯಲ್ಲಿ ಆ ಎರಡು ರಕ್ಷಣೆಗಳೂ ತೀರಾ ಕಡಿಮೆ. ಬಸವನಹುಳು, ಸೀಗಡಿಗಳಿಗಂತೂ ತೀರಾ ಸಣ್ಣ ಪ್ರಮಾಣವೂ ಮಾರಕ.

ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಔಷಧಿ ಹೊಡೆಯೋದೇ ಬೇಡ ಅಂತೀಯೇನೇ?" ಎಂದು ಕೇಳಿದರು. ಕೊಳೆ ಬಂದ ವರ್ಷದ ತೋಟವನ್ನು ನೋಡಿ ಬೆಳೆದ ನಾನು ಹಾಗೆ ಹೇಳುವುದು ಸಾಧ್ಯವಿರಲಿಲ್ಲ. ನಾನು ಕೇಳಿಕೊಂಡದ್ದು ಇಷ್ಟೇ: ದ್ರಾವಣ ಕಲಸುವ ಡ್ರಮ್ಮನ್ನೂ ಸಿಂಪಡಿಸುವ ಪಂಪನ್ನೂ ಕೆರೆಯ ಮೆಟ್ಟಿಲಲ್ಲಿ ತೊಳೆಯುವುದು ಬೇಡ, ತೋಟದ ಬಸಿಗಾಲುವೆ ಕೆಳಗಿನ ಹೊಂಡವನ್ನು ಸೇರುವಲ್ಲಿ ಔಷಧಿ ಹೊಡೆದ ಮೊದಲ ಕೆಲವು ಮಳೆಗಳ ಮಟ್ಟಿಗೆ ಮಣ್ಣಿನ ಕಟ್ಟೆ ಹಾಕಿ ನೀರನ್ನು ಬೇರೆಡೆಗೆ ತಿರುಗಿಸೋಣ. ಈ ಸಲ ಅಡಿಕೆ ಮರ ಹತ್ತುವ ಕೊನೆಗಾರರಿಗೆ ಆ ಮಾತನ್ನು ಅಪ್ಪಯ್ಯನೇ ಹೇಳಿದರು. ಡ್ರಮ್ಮು ಈಗ ತೋಟದ ಆ ಬದಿಯ ಗದ್ದೆಯಂಚಿನಲ್ಲಿದೆ. ತರಬೇತಿಗೆ ಹೋಗುವ ಮೊದಲೇ ಈ ಓದು ಮನೆಯ ಕೆಲಸಕ್ಕೆ ಬಂದದ್ದು ನನಗೆ ತುಂಬ ಸಂತೋಷ ಕೊಟ್ಟಿತು.

ಅಲಂಕಾರಿಕ ಮೀನಿನ ಭಾಗಕ್ಕೆ ತಯಾರಿಯೆಂದು ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿಯನ್ನು ಮೀನಿಲ್ಲದೆ ನಡೆಸುತ್ತಿದ್ದೇನೆ. ಬಂದವರೆಲ್ಲ ಮೀನೆಲ್ಲಿ ಎಂದು ಕೇಳುತ್ತಾರೆ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿಸುವ ಬ್ಯಾಕ್ಟೀರಿಯಾಗಳೂ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾಗಳೂ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಂಗಡಿಯಿಂದ ತೊಟ್ಟಿಯನ್ನೂ ಮೀನನ್ನೂ ಒಂದೇ ದಿನ ತಂದವರ ಮನೆಯಲ್ಲಿ ಮೀನು ಮೊದಲ ತಿಂಗಳಲ್ಲೇ ಸಾಯುವುದಕ್ಕೆ ಹೆಚ್ಚಿನ ಸಲ ಕಾರಣ ಈ ಕಾಯುವಿಕೆ ಇಲ್ಲದಿರುವುದು. ಇಲ್ಲಿಯೂ ನಮ್ಮ ನೀರಿನ ಗುಣ ಅಡ್ಡ ಬರುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಆಗಿಸುವಾಗ ಬ್ಯಾಕ್ಟೀರಿಯಾಗಳು ಸುಮಾರು 7 ಮಿಲಿಗ್ರಾಂ ಕ್ಷಾರೀಯತೆಯನ್ನು ಖರ್ಚು ಮಾಡುತ್ತವೆ. 24 ಇದ್ದ ನೀರಿನಲ್ಲಿ ಆ ಗಂಟು ಬೇಗ ಕರಗುತ್ತದೆ, ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ. ನನ್ನ ತೊಟ್ಟಿಯಲ್ಲಿ ನೈಟ್ರೈಟ್ ಇಳಿಯದೆ ನಿಂತಾಗ ಫಿಲ್ಟರಿನೊಳಗೆ ಒಂದು ಹಿಡಿ ಪುಡಿಮಾಡಿದ ಕಪ್ಪೆಚಿಪ್ಪನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಟ್ಟೆ. ಚಿಪ್ಪು ಕರಗಿದಷ್ಟೂ ನೀರಿಗೆ ಬಲ ಬಂದು ಕೆಲಸ ಮತ್ತೆ ಮುಂದುವರಿಯಿತು.

ಆದರೆ ಮೆದು ನೀರನ್ನು ಬರೀ ಕೊರತೆಯೆಂದು ಬರೆದರೆ ಅನ್ಯಾಯವಾದೀತು. ದಕ್ಷಿಣ ಅಮೆರಿಕದ ಕಾಡುಹೊಳೆಗಳಿಂದ ಬಂದ ನಿಯಾನ್ ಟೆಟ್ರಾ, ಡಿಸ್ಕಸ್‌ಗಳಂಥ ಮೀನುಗಳು ಮರಿ ಮಾಡಲು ಬಯಸುವುದು ಇಂಥ ನೀರನ್ನೇ. ಬಯಲುಸೀಮೆಯ ಘಟಕಗಳು ಅದಕ್ಕಾಗಿ ಆರ್‌ಒ ಯಂತ್ರದಲ್ಲಿ ನೀರನ್ನು ಸೋಸಬೇಕಾಗುತ್ತದೆ. ಗಪ್ಪಿ, ಮೊಲ್ಲಿಗಳಿಗೆ ಮಾತ್ರ ಗಡಸು ನೀರೇ ಹಿತ. ಅಂದಮೇಲೆ ಮಲೆನಾಡಿನಲ್ಲಿ ಅಲಂಕಾರಿಕ ಮೀನಿನ ಘಟಕ ಮಾಡಬೇಕೆನ್ನುವವರು ಎಲ್ಲರೂ ಸಾಕುವ ಗಪ್ಪಿಯಿಂದ ಆರಂಭಿಸುವ ಬದಲು ನಮ್ಮ ನೀರಿಗೆ ಒಗ್ಗುವ ಜಾತಿಗಳನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಪಶ್ಚಿಮ ಘಟ್ಟದ ಸ್ಥಳೀಯ ಮೀನುಗಳ ಸಾಧ್ಯತೆಯೂ ಇಲ್ಲಿದೆ. ಆದರೆ ಡೆನಿಸನ್ ಬಾರ್ಬ್ ಎಂಬ ಕೆಂಪು ಗೆರೆಯ ಸುಂದರ ಮೀನಿನ ಕತೆ ಎಚ್ಚರಿಸುತ್ತದೆ: ಅಕ್ವೇರಿಯಂ ವ್ಯಾಪಾರಕ್ಕಾಗಿ ಕೇರಳ ಮತ್ತು ದಕ್ಷಿಣ ಕರ್ನಾಟಕದ ಹೊಳೆಗಳಿಂದ ಅದನ್ನು ವಿಪರೀತ ಹಿಡಿದದ್ದರಿಂದ ಇಂದು ಅದು ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ಮಾರುವುದಲ್ಲ, ತೊಟ್ಟಿಯಲ್ಲಿ ಮರಿ ಮಾಡಿಸಿ ಮಾರುವುದು ಕಲಿಯಬೇಕು. ನಾನು ಹೋಗುತ್ತಿರುವುದು ಮುಖ್ಯವಾಗಿ ಆ ಕಲಿಕೆಗೆ.

ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನನ್ನು ಕೂಣಿ ಎಂಬ ಮೀನಿನ ಬೋನು ಒಡ್ಡಿ ಹಿಡಿಯುವುದು ನಮ್ಮ ಕಡೆಯ ಹಳೆಯ ರೂಢಿ. ಅವು ಮೊಟ್ಟೆ ಇಡಲು ಹೊರಟ ಮೀನುಗಳು. ಹೊಸ ನೀರು, ಹರಿವು, ತಂಪಾದ ಉಷ್ಣತೆ ಇವೆಲ್ಲ ಸೇರಿ ಮೀನಿನ ಮಿದುಳಿಗೆ ಕೊಡುವ ಸೂಚನೆಯನ್ನು ಮರಿ ಉತ್ಪಾದನಾ ಕೇಂದ್ರದಲ್ಲಿ ಮನುಷ್ಯ ಕೊಡಬೇಕಾಗುತ್ತದೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಗಳು ಮೂಲತಃ ಗಂಗೆಯ ಸೀಮೆಯ ನದಿ ಮೀನುಗಳು. ನಿಂತ ನೀರಿನ ಕೊಳದಲ್ಲಿ ಚೆನ್ನಾಗಿ ಬೆಳೆಯುತ್ತವೆ, ಮೊಟ್ಟೆಯನ್ನೂ ಕಟ್ಟುತ್ತವೆ, ಆದರೆ ಪ್ರವಾಹವಿಲ್ಲದೆ ಅದನ್ನು ಬಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಞಿ ಅವರು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ನದಿಯಿಂದ ಮರಿ ಹೆಕ್ಕಿ ತರುವ ಅನಿವಾರ್ಯತೆ ತಪ್ಪಿತು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಹತ್ತುಮೀನಿನ ಊಟದ ರುಚಿಯನ್ನು ಬಲ್ಲ ನನಗೆ ಇದನ್ನು ಓದಿದ ಮೇಲೆ ಹೊಟ್ಟೆ ತುಂಬ ಮೊಟ್ಟೆಯಿರುವ ಮೀನಿನ ದಾರಿಗೆ ಕೂಣಿ ಒಡ್ಡುವುದನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ. ಮನೆಯಲ್ಲಿ ಅದನ್ನು ಹೇಳಿಯೂ ಇದ್ದೇನೆ.

ಈಗ ಗ್ರಂಥಿಯ ಸಾರದ ಬದಲು ಓವಪ್ರಿಮ್‌ನಂಥ ಸಿದ್ಧ ಹಾರ್ಮೋನು ಸಿಗುತ್ತದೆ. ಹೆಣ್ಣಿಗೆ ಕಿಲೋ ತೂಕಕ್ಕೆ 0.3ರಿಂದ 0.5 ಮಿಲಿಲೀಟರ್, ಗಂಡಿಗೆ ಅದಕ್ಕಿಂತ ಕಡಿಮೆ. ಲೆಕ್ಕ ಸುಲಭ, ಕೈ ಸುಲಭವಲ್ಲ. ಶಿವಮೊಗ್ಗದ ಮೀನು ಮಾರುಕಟ್ಟೆಯಿಂದ ಇಡೀ ರೋಹು ತಂದು, ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಸಿರಿಂಜಿನಲ್ಲಿ ನೀರು ತುಂಬಿ ಅಭ್ಯಾಸ ಮಾಡುತ್ತಿದ್ದೇನೆ. ಬೆನ್ನಿನ ರೆಕ್ಕೆಯ ಕೆಳಗೆ, ಪಕ್ಕದ ಗೆರೆಗಿಂತ ಮೇಲೆ, ಸೂಜಿಯ ತುದಿಯಿಂದ ಒಂದು ಹುರುಪೆಯನ್ನು ಮೆಲ್ಲಗೆ ಎತ್ತಿ, ಅದರ ಅಡಿಯಿಂದ ಓರೆಯಾಗಿ ಸ್ನಾಯುವಿಗೆ ತೂರಿಸಬೇಕು. ಹುರುಪೆಯನ್ನು ಎತ್ತದೆ ನೇರ ಚುಚ್ಚಿದರೆ ಸೂಜಿ ಜಾರುತ್ತದೆ. ಬೇಗ ಹೊರಗೆಳೆದರೆ ದ್ರವ ತೂತಿನಿಂದ ವಾಪಸು ಒಸರುತ್ತದೆ, ಆದ್ದರಿಂದ ಸೂಜಿ ತೆಗೆದ ಜಾಗವನ್ನು ಹೆಬ್ಬೆರಳಿನಿಂದ ಕ್ಷಣಕಾಲ ಒತ್ತಿ ಹಿಡಿಯಬೇಕು. ಜೀವಂತ ಮೀನು ಒದ್ದಾಡುತ್ತದೆ, ಅದರ ಮೈಯ ಲೋಳೆ ಹೋಗದಂತೆ ಕೈ ಒದ್ದೆಯಾಗಿರಬೇಕು, ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿದರೆ ಶಾಂತವಾಗುತ್ತದೆ ಎಂದು ಬಿ.ಆರ್. ಪ್ರಾಜೆಕ್ಟಿನ (ಭದ್ರಾ ಜಲಾಶಯದ) ಕಡೆ ಮೀನುಮರಿ ಕೆಲಸದಲ್ಲಿ ಅನುಭವವಿರುವ ಹಿರಿಯರೊಬ್ಬರು ಹೇಳಿಕೊಟ್ಟರು. ಗಂಡು ಹೆಣ್ಣು ಗುರುತಿಸುವುದನ್ನೂ ಅವರೇ ತೋರಿಸಿದ್ದು: ಬಲಿತ ಗಂಡಿನ ಎದೆಯ ರೆಕ್ಕೆಯ ಒಳಬದಿಯನ್ನು ಬೆರಳಿನಿಂದ ಸವರಿದರೆ ಮರಳು ಕಾಗದದಂತೆ ತರಿತರಿಯಾಗಿರುತ್ತದೆ, ಹೆಣ್ಣಿನದು ನುಣುಪು.

ಸಂಜೆ ಚುಚ್ಚಿದ ಮೀನು ಮೊಟ್ಟೆ ಬಿಡುವುದು ರಾತ್ರಿ ಸರಿಯುತ್ತಿರುವಾಗ. ಮೊಟ್ಟೆಗಳು ವೃತ್ತಾಕಾರದ ತೊಟ್ಟಿಯಲ್ಲಿ ನಿಲ್ಲದೆ ತಿರುಗುತ್ತಿರಬೇಕು, ಹರಿವು ನಿಂತರೆ ತಳಕ್ಕಿಳಿದು ಉಸಿರುಗಟ್ಟಿ ಸಾಯುತ್ತವೆ. ನೀರು 27-28 ಡಿಗ್ರಿಯಿದ್ದರೆ ಮಾರನೆಯ ದಿನವೇ ಮರಿ ಒಡೆಯುತ್ತದೆ, ಹೊಟ್ಟೆಯ ಕೆಳಗಿನ ಹಳದಿಯ ಚೀಲ ಕರಗಲು ಇನ್ನೂ ಸುಮಾರು ಮೂರು ದಿನ. ಘಟ್ಟದ ಮಳೆಯಲ್ಲಿ ನೀರು ತಣ್ಣಗಾದಷ್ಟೂ ಈ ಅವಧಿ ಹಿಗ್ಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ ಎಂಬುದನ್ನು ಬಲ್ಲವರಿಗೆ ಪಂಪ್ ನಿಂತ ಕ್ಷಣ ಏನು ಮಾಡಬೇಕು ಎಂಬುದೇ ಮೊದಲು ಕಲಿಯಬೇಕಾದ ಪಾಠವೆನ್ನಿಸುತ್ತದೆ. ಅದಕ್ಕೆಂದೇ ರಾತ್ರಿ ಎದ್ದಿರುವ ರೂಢಿಯನ್ನೂ ಮಾಡಿಕೊಳ್ಳುತ್ತಿದ್ದೇನೆ.

ಉಳಿದ ಸಣ್ಣ ತಯಾರಿಗಳು ಮುಗಿದಿವೆ. ಧನುರ್ವಾಯುವಿನ ಚುಚ್ಚುಮದ್ದು ಆಯಿತು, ಗಂಬೂಟು ಬಂತು. ಮೀನಿನ ತೊಟ್ಟಿಯಿಂದ ಗಾಯದ ಮೂಲಕ ಕೈಗೆ ಅಂಟುವ ಚರ್ಮದ ಸೋಂಕೊಂದು ಇರುವುದರಿಂದ ಉದ್ದ ತೋಳಿನ ಕೈಗವಸನ್ನೂ ತೆಗೆದುಕೊಂಡಿದ್ದೇನೆ. ಒಂದು ತೊಟ್ಟಿಗೆ ಅದ್ದಿದ ಬಲೆಯನ್ನು ಇನ್ನೊಂದಕ್ಕೆ ಅದ್ದಬಾರದು, ಹೊಸ ಮೀನನ್ನು ಎರಡು ಮೂರು ವಾರ ಪ್ರತ್ಯೇಕವಾಗಿಡಬೇಕು ಎಂಬ ನಿಯಮಗಳಿಗೆ ವಿವರಣೆ ಬೇಕಿಲ್ಲ, ಪಾಲಿಸುವುದು ಮುಖ್ಯ.

ಕಣ್ಣಿನ ತಯಾರಿಗಾಗಿ ಮಾತ್ರ ಶೃಂಗೇರಿಗೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಗೂ ಹೋಗಿ ಬಂದೆ. ಎರಡೂ ಕಡೆ ತುಂಗೆಯ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಭಕ್ತರು ಮಂಡಕ್ಕಿ ಎರಚುತ್ತಾರೆ, ದೊಡ್ಡ ದೊಡ್ಡ ಮಹಶೀರ್‌ಗಳು ಮೆಟ್ಟಿಲಿನವರೆಗೆ ಬರುತ್ತವೆ. ಮಂಡಕ್ಕಿ ಬಿದ್ದಾಗ ನುಗ್ಗುವ ಮೀನುಗಳನ್ನು ಬಿಟ್ಟು, ನುಗ್ಗದೆ ಹಿಂದೆ ಉಳಿಯುವ ಮೀನನ್ನು ನೋಡು ಎಂದು ಆ ಹಿರಿಯರು ಹೇಳಿದ್ದರು. ಹಾಗೆ ನೋಡಿದಾಗ ಒಂದು ಮೀನು ರೆಕ್ಕೆ ಮಡಚಿಕೊಂಡು, ಬಂಡೆಗೆ ಮೈ ಉಜ್ಜುತ್ತಾ, ಉಳಿದವಕ್ಕಿಂತ ಬೇಗ ಬೇಗ ಕಿವಿರು ಬಡಿಯುತ್ತಾ ಇದ್ದದ್ದು ಕಂಡಿತು. ಮೈಗೆ ಅಂಟಿದ ಪರೋಪಜೀವಿಯ ಲಕ್ಷಣಗಳು ಹೀಗೆಯೇ ಇರುತ್ತವೆ. ತೊಟ್ಟಿಗಳ ಸಾಲಿನಲ್ಲಿ ನಡೆಯುವಾಗ ಹುಡುಕಬೇಕಾದದ್ದು ಆ ಒಂದು ಮೀನನ್ನು.

ಇಂಟರ್ನ್‌ಶಿಪ್‌ನ ಎರಡೂ ಕಡೆ ಮೊದಲ ದಿನವೇ ಕೇಳಬೇಕೆಂದು ಪುಸ್ತಕದಲ್ಲಿ ಬರೆದುಕೊಂಡಿರುವ ಪ್ರಶ್ನೆಗಳು ಕೆಲವೇ. ನಿಮ್ಮ ನೀರು ಎಲ್ಲಿಂದ ಬರುತ್ತದೆ, ಅದರ ಕ್ಷಾರೀಯತೆ ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು. ತೊಟ್ಟಿಗಳ ನೀರು ಹೊರಗೆ ಹೋಗುವುದು ಎಲ್ಲಿಗೆ, ಆ ಚರಂಡಿಗೆ ಜಾಲರಿ ಇದೆಯೇ. ಈ ಕೊನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಗಾಜಿಗೆ ಅಂಟಿಕೊಂಡು ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ಅಕ್ವೇರಿಯಂಗಳಿಂದ ತಪ್ಪಿಸಿಕೊಂಡು, ಅಥವಾ ದೊಡ್ಡದಾಯಿತೆಂದು ಜನರೇ ಬಿಟ್ಟು, ದೇಶದ ಅನೇಕ ಕೆರೆ ನದಿಗಳಲ್ಲಿ ಬೇರೂರಿದೆ. ಶಿವಮೊಗ್ಗದ ಅಲಂಕಾರಿಕ ಮೀನಿನ ಯಾವ ಘಟಕದ ಚರಂಡಿಯಾದರೂ ಕೊನೆಗೆ ಸೇರುವುದು ತುಂಗೆ, ಭದ್ರೆ, ಶರಾವತಿ, ವರದೆಯಂಥ ನದಿಯೊಂದನ್ನು. ಜಾಲರಿ ಇಲ್ಲವೆಂದು ಉತ್ತರ ಬಂದರೆ, ಅದನ್ನು ಕೂರಿಸುವ ಕೆಲಸವನ್ನೇ ನನ್ನ ಇಂಟರ್ನ್‌ಶಿಪ್‌ನ ಯೋಜನೆಯಾಗಿ ತೆಗೆದುಕೊಳ್ಳಲು ಅನುಮತಿ ಕೇಳಬೇಕೆಂದಿದ್ದೇನೆ. ಎರಡು ಪದರದ ಜಾಲರಿ, ಅದರಾಚೆಗೆ ಸೊಪ್ಪಿನ ಗಿಡ ಬೆಳೆಸಿದ ಒಂದು ಇಂಗುಗುಂಡಿ, ಅದರ ಹಿಂದೆ ಮುಂದೆ ಪ್ರತಿ ವಾರ ಅಳೆದ ನೈಟ್ರೇಟ್. ಅದರ ನಕ್ಷೆಯನ್ನು ಈಗಾಗಲೇ ಗೆರೆ ಹಾಕಿ ಇಟ್ಟುಕೊಂಡಿದ್ದೇನೆ.